ಹಾಡಿಲ್ಲದೆ ಬಂದ ಜಟಕಾ

ಮೊಹರಂ ತಿಂಗಳ ಚಂದ್ರ ಕಂಡ ಮರುದಿನ ಬೆಳಿಗ್ಗೆ ಖಾಜಾಸಾಬ್ ತಮ್ಮ ರೆಕಾರ್ಡ್ ಪ್ಲೇಯರನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಹಾಡಿನ ಪ್ಲೇಟುಗಳಿದ್ದ ತಗಡಿನ ಪೆಟ್ಟಿಗೆಯನ್ನೂ ಅದರ ಪಕ್ಕಕ್ಕೆ ತಳ್ಳಿದರು. ಪ್ರತಿ ವರ್ಷ ಮಾಡುವ ಕೆಲಸ ಅದು. ಅವರ ತಂದೆಯ ಕಾಲದಿಂದಲೂ ಆ ಮನೆಯವರು ಮೊಹರಂನ ಹತ್ತು ದಿನ ಹಾಡು ಹಾಕುತ್ತಿರಲಿಲ್ಲ, ಮದುವೆಯ ಹಾಡಿನ ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ. ಊರಿನವರೂ ಆ ದಿನಗಳಲ್ಲಿ ಅವರನ್ನು ಕರೆಯುತ್ತಿರಲಿಲ್ಲ.

ಹೊರಗೆ ಬೀರಲಿಂಗಪ್ಪ ಜಟಕಾದ ಕುದುರೆಗೆ ನೀರು ಕುಡಿಸುತ್ತಿದ್ದರು. ಗಾಡಿ, ಕುದುರೆ ಅವರದು. ಮೈಕು, ಬ್ಯಾಟರಿ, ಹಾರ್ನು ಖಾಜಾಸಾಬರದು. ಹತ್ತು ವರ್ಷದಿಂದ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಕೋಡಿಪೇಟೆಯ ಬೀದಿಗಳನ್ನು ಸುತ್ತಿದ್ದಾರೆ.

"ಸಾಬ್ರೇ, ಹಾಡಿಲ್ದಿದ್ರೆ ಈ ಕುದುರೆ ಹೆಜ್ಜೆ ಕೀಳಲ್ಲ ಕಣ್ರೀ. ಅದಕ್ಕೂ ರೂಢಿ ಆಗೈತೆ."

"ಹಬ್ಬ ಮುಗಿಯೋಗಂಟ ರಜಾ ಕೊಡಪ್ಪಾ ಅದಕ್ಕೆ. ಮಲಗಿಕೊಂಡು ಹುಲ್ಲು ತಿನ್ಲಿ."

"ಅದು ರಜಾ ಹಾಕಿದ್ರೆ ಹುಲ್ಲು ತಿಂತತೆ. ನಾನು ಏನ್ ತಿನ್ಲಿ?"

ಖಾಜಾಸಾಬ್ ನಕ್ಕರು. ಅಷ್ಟರಲ್ಲಿ ಪುರಸಭೆಯ ಹೆಡ್ ಕ್ಲಾರ್ಕ್ ಷಣ್ಮುಖಪ್ಪ ಸೈಕಲ್ಲು ತುಳಿಯುತ್ತ ಬಂದು ಮನೆಯ ಮುಂದೆ ಇಳಿದರು. ೧೯೭೮ರ ಡಿಸೆಂಬರ್ ತಿಂಗಳು ಅದು. ಅವರು ತಂದಿದ್ದ ಸುದ್ದಿ ಒಳ್ಳೆಯದೇ ಆಗಿತ್ತು.

ಕೋಡಿಪೇಟೆ ಹೊನ್ನಾಳಿ ಮತ್ತು ನ್ಯಾಮತಿಯ ನಡುವಿನ ಸಣ್ಣ ಊರು. ಶಿವಮೊಗ್ಗದ ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಅದನ್ನು ಓದುವವರು ಅಡಿಕೆ ಮಂಡಿಯ ಜನ, ಮೇಷ್ಟರು, ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂರುವ ಕೆಲವರು. ಉಳಿದವರಿಗೆ ಊರಿನ ಸುದ್ದಿ ಎಂದರೆ ಖಾಜಾಸಾಬರ ಬಾಯಿಂದ ಬಂದದ್ದು. ನಲ್ಲಿಯಲ್ಲಿ ನಾಳೆ ನೀರು ಬರುವುದಿಲ್ಲ. ಸಂತೆ ಈ ವಾರ ಶಾಲೆಯ ಮೈದಾನದಲ್ಲಿ ಸೇರುತ್ತದೆ. ಕೆರೆಯ ಮೆಟ್ಟಿಲ ಮೇಲೆ ದನ ತೊಳೆಯುವಂತಿಲ್ಲ. ಬೀದಿನಾಯಿ ಹಿಡಿಯುವವರು ಬರುತ್ತಾರೆ, ಸಾಕಿದ ನಾಯಿಯನ್ನು ಕಟ್ಟಿಹಾಕಿಕೊಳ್ಳಿ. ಇಂಥವರ ಎಮ್ಮೆ ಕಳೆದಿದೆ, ಬಲಗೊಂಬು ಮುರಿದಿದೆ. ಮದುವೆಯ ಕಾಲದಲ್ಲಿ ಅವರು ಚನ್ನಗಿರಿ, ತ್ಯಾವಣಿಗೆ, ಕೆಲವೊಮ್ಮೆ ಜಗಳೂರು ಕಡೆಯ ಬಿಳಿಚೋಡಿನವರೆಗೂ ಮೈಕ್ ಸೆಟ್ಟು ಒಯ್ಯುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಟೆಂಟ್ ಸಿನಿಮಾದ ಪ್ರಚಾರ ಮತ್ತು ಪುರಸಭೆಯ ಪ್ರಕಟಣೆ, ಇವೆರಡೇ ಅವರ ಜೀವನ.

ಕೆಲಸ ಮಾಡುವುದರಲ್ಲಿ ಅವರಿಗೊಂದು ಕ್ರಮವಿತ್ತು. ಓಡುವ ಜಟಕಾದಲ್ಲಿ ಪ್ಲೇಟು ಹಾಕಿದರೆ ಮುಳ್ಳು ಹಾರುತ್ತದೆ. ಆದ್ದರಿಂದ ಪ್ರತಿ ಓಣಿಯ ಬಾಯಿಯಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಅರ್ಧ ಹಾಡು ಹಾಕುತ್ತಿದ್ದರು. ಮಕ್ಕಳು ಓಡಿಬರುತ್ತಿದ್ದವು, ಹೆಂಗಸರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದರು. ಆಮೇಲೆ ಮುಳ್ಳು ಎತ್ತಿ, ಗಾಡಿಯನ್ನು ನಿಧಾನವಾಗಿ ಒಳಗೆ ಬಿಟ್ಟು, ಸುದ್ದಿ ಹೇಳುತ್ತಿದ್ದರು. ಸಿನಿಮಾಗೂ ಹೀಗೆಯೇ, ಪುರಸಭೆಗೂ ಹೀಗೆಯೇ.

ಅಲ್ಲಿಯವರೆಗೆ ಈ ಕ್ರಮ ತಪ್ಪಿದ್ದು ಒಂದೇ ಸಲ, ೧೯೭೬ರಲ್ಲಿ. ತುರ್ತು ಪರಿಸ್ಥಿತಿಯ ಕಾಲ. ಹೊರಗಿನಿಂದ ಒಂದು ವ್ಯಾನು ಬಂತು. ಅದರಲ್ಲಿದ್ದ ಅಧಿಕಾರಿಗೆ ಹಾಡು ಕೇಳುವ ಪುರಸೊತ್ತಿರಲಿಲ್ಲ. "ಹಾಡು ಗೀಡು ಏನೂ ಬೇಡ, ಆರೋಗ್ಯ ಶಿಬಿರ ಅಂತ ಕೂಗಿಕೊಂಡು ಹೋಗು" ಎಂದರು. ಜಟಕಾ ಮುಂದೆ, ವ್ಯಾನು ಹಿಂದೆ. ಜನ ಹೊರಗೆ ಬಂದರು. ಹೊರಗೆ ಬಂದ ಗಂಡಸರನ್ನು ವ್ಯಾನಿಗೆ ಹತ್ತಿಸಿದರು. ಶಿಬಿರ ನಡೆಯುತ್ತಿದ್ದುದು ಸಂತಾನಹರಣ ಶಸ್ತ್ರಚಿಕಿತ್ಸೆಗೆ. ಮೊದಲ ಓಣಿ ಮುಗಿಯುವಷ್ಟರಲ್ಲಿ ಖಾಜಾಸಾಬರಿಗೆ ಅದು ತಿಳಿದಿತ್ತು. ಎರಡನೆಯ ಓಣಿಯಲ್ಲೂ ಅವರು ಕೂಗಿದರು.

ಎರಡನೆಯದು ಕೋಟೆ ಹಿಂದಿನ ಓಣಿ. ಪುರಸಭೆಯ ಜಾಗದಲ್ಲಿ, ಪಾಳುಬಿದ್ದ ಕೋಟೆಗೋಡೆಗೆ ಮುಖ ಮಾಡಿ, ಕಂದಕಕ್ಕೆ ಬೆನ್ನು ಕೊಟ್ಟು ಎದ್ದಿದ್ದ ಗುಡಿಸಲುಗಳು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಮಣ್ಣು ಹೊರುವವರು, ಬುಟ್ಟಿ ಹೆಣೆಯುವವರು ಅಲ್ಲಿದ್ದರು. ಖಾಜಾಸಾಬರ ಒಬ್ಬಳೇ ತಂಗಿ ಸೈದಾಬೀ ಕೂಡ ಅಲ್ಲೇ ಇದ್ದರು. ಅವರ ಗಂಡ ಅಮೀರ್‌ಜಾನ್ ಭಟ್ಟಿಯಲ್ಲಿ ಭತ್ತದ ಮೂಟೆ ಹೊರುತ್ತಿದ್ದರು. ಅವರು ಅವತ್ತು ಮಲಗಿದ್ದರು. ಭಾವನ ದನಿ ಕೇಳಿಸಿತೆಂದು ಎದ್ದು ಹೊರಗೆ ಬಂದರು. ಶಿಬಿರದಿಂದ ವಾಪಸಾದ ಮೇಲೆ ಗಾಯ ಕೀವು ಕಟ್ಟಿತು. ಎರಡು ತಿಂಗಳು ಹಾಸಿಗೆ. ಆಮೇಲೆ ಮೂಟೆ ಎತ್ತುವುದು ಅವರಿಂದ ಆಗಲಿಲ್ಲ. ಭಟ್ಟಿಗೆ ಸೈದಾಬೀ ಹೋಗತೊಡಗಿದರು. ಅಣ್ಣ ನೋಡಲು ಬಂದಾಗ ಬಾಗಿಲು ಹಾಕಿಕೊಂಡರು. ಆಮೇಲೆ ತೆಗೆಯಲಿಲ್ಲ.

ಆ ವರ್ಷದಿಂದ ಕೋಟೆ ಹಿಂದಿನ ಓಣಿಯವರು ಒಂದು ಪಾಠ ಕಲಿತರು. ಹಾಡು ಹಾಕಿ ಆಮೇಲೆ ಮಾತಾಡಿದರೆ ಅದು ಸಿನಿಮಾ, ಸಂತೆ, ನೀರು, ಹೊರಗೆ ಬರಬಹುದು. ಹಾಡಿಲ್ಲದೆ ಬರೀ ದನಿ ಬಂದರೆ ಹಿಂದಿನ ಬಾಗಿಲಿನಿಂದ ಕೋಟೆಯ ಕಂದಕಕ್ಕೆ ಇಳಿದು, ಗಾಡಿ ಹೋಗುವವರೆಗೆ ಜಾಲಿಯ ಮರೆಯಲ್ಲಿ ಕೂರಬೇಕು. ಹೀಗೆಂದು ಯಾರೂ ಕೂಡಿ ನಿರ್ಣಯ ಮಾಡಿದ್ದಲ್ಲ. ಅಲ್ಲಿಂದೀಚೆಗೆ ಎಂದೂ ಹಾಡಿಲ್ಲದೆ ಗಾಡಿ ಬಂದಿರದಿದ್ದರಿಂದ ಈ ಪಾಠದ ಸಂಗತಿ ಖಾಜಾಸಾಬರಿಗೆ ತಿಳಿದಿರಲೂ ಇಲ್ಲ.

ಷಣ್ಮುಖಪ್ಪ ತಂದ ಸುದ್ದಿ ಆ ಓಣಿಯದೇ ಆಗಿತ್ತು. ಗುಡಿಸಲು ಹಾಕಿಕೊಂಡು ಬಹುಕಾಲದಿಂದ ಇರುವವರಿಗೆ ಅದೇ ಜಾಗದ ಹಕ್ಕುಪತ್ರ ಕೊಡಲು ಪುರಸಭೆ ನಿರ್ಧರಿಸಿದೆ. ರೇಷನ್ ಕಾರ್ಡು ತಂದು ಅರ್ಜಿ ಕೊಡಬೇಕು. ಈ ಶನಿವಾರ ಕಡೆಯ ದಿನ. ಅರ್ಜಿ ಕೊಡದವರ ಜಾಗ ಬಸ್ ನಿಲ್ದಾಣಕ್ಕೆ.

"ಮೊಹರಂ ಸ್ವಾಮೀ, ಈಗ ನಾನು ಗಾಡಿ ಕಟ್ಟಲ್ಲ. ನಿಮಗೆ ಗೊತ್ತಲ್ಲ," ಎಂದರು ಖಾಜಾಸಾಬ್.

"ಗೊತ್ತು ಮಾರಾಯ. ಆದ್ರೆ ಶನಿವಾರ ನಿನ್ನ ಹಬ್ಬ ಮುಗಿಯೋತನಕ ಕಾಯ್ತತಾ? ಬೋರ್ಡಿಗೆ ಕಾಗದ ಅಂಟಿಸೀವಿ. ಅದನ್ನ ಆ ಓಣ್ಯಾಗೆ ಯಾರು ಬಂದು ಓದ್ತಾರೆ ಹೇಳು. ನೀನು ಹಾಡು ಹಾಕಬ್ಯಾಡಪ್ಪ, ಬರೇ ಬಾಯಾಗೆ ಹೇಳು. ನಿನ್ನ ತಂಗೀನೂ ಅಲ್ಲೇ ಅದಾಳಲ್ಲ?"

ಖಾಜಾಸಾಬ್ "ಆತು ಬಿಡ್ರಿ" ಎಂದರು.

ಹೆಂಡತಿ ಹಜೀರಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ತಾನೇ ಹೋಗಿ ನಾದಿನಿಗೆ ಹೇಳಿ ಬರುತ್ತೇನೆ ಎಂದರು. ಖಾಜಾಸಾಬ್ ಬೇಡವೆಂದರು. ಅಣ್ಣನ ಮನೆಯಿಂದ ಹೋದ ಮಾತು ಎಂದರೆ ಸೈದಾಬೀ ಹಠಕ್ಕೆ ಅರ್ಜಿ ಕೊಡುವುದಿಲ್ಲ. ಮೈಕಿನಲ್ಲಿ ಹೇಳಿದರೆ ಅದು ಇಡೀ ಓಣಿಗೆ ಹೇಳಿದ್ದು, ಅದರಲ್ಲಿ ಅಣ್ಣನ ಉಪಕಾರವೇನೂ ಇರುವುದಿಲ್ಲ. ಅವರ ಲೆಕ್ಕಾಚಾರ ಇಷ್ಟು. ಎರಡು ವರ್ಷದ ನಂತರ ತಂಗಿಯ ಮನೆಗೆ ಒಂದು ಒಳ್ಳೆಯ ಮಾತನ್ನು ಮುಟ್ಟಿಸುವ ಅವಕಾಶ ಸಿಕ್ಕಿತೆಂದು ಅವರು ಅವತ್ತು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡರು.

ಜಟಕಾ ಓಣಿಯ ಬಾಯಿಗೆ ಬಂದಾಗ ಬಿಸಿಲು ಏರಿತ್ತು. ಖಾಜಾಸಾಬ್ ಮೈಕಿನಲ್ಲಿ ಎರಡು ಸಲ ಊದಿ ನೋಡಿದರು. "ಪುರಸಭೆಯ ಪ್ರಕಟಣೆ. ಕೋಟೆ ಹಿಂದಿನ ಓಣಿಯ ನಾಗರಿಕರಲ್ಲಿ ವಿನಂತಿ" ಎಂದು ಆರಂಭಿಸಿದರು. ಹಾರ್ನಿನ ಸದ್ದು ಕೋಟೆಗೋಡೆಗೆ ಬಡಿದು ವಾಪಸು ಬರುತ್ತಿತ್ತು.

ಓಣಿಯ ಮೊದಲ ಮನೆ ಓಬವ್ವನದು. ಬುಟ್ಟಿ ಹೆಣೆಯುತ್ತ ಹೊಸ್ತಿಲಲ್ಲೇ ಕೂರುವ ಮುದುಕಿ. "ಹಾಡಿಲ್ಲ! ಹಾಡಿಲ್ಲ ಕಣ್ರೇ!" ಎಂದು ಆಕೆ ಒಳಗೆ ಸರಿಯುತ್ತ ಕೂಗಿದ್ದು ಹಾರ್ನಿನ ಸದ್ದಿನಲ್ಲಿ ಜಟಕಾದವರಿಗೆ ಕೇಳಿಸಲಿಲ್ಲ. ಅವರು ಕಂಡದ್ದು ಮುಚ್ಚಿದ ಬಾಗಿಲುಗಳನ್ನು. ಒಂದು ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಒಂದು ಕೋಳಿ ಓಣಿ ದಾಟಿತು.

"ಯಾರೂ ಕಾಣಲ್ಲಲ್ಲ ಸಾಬ್ರೇ," ಎಂದರು ಬೀರಲಿಂಗಪ್ಪ.

"ಭತ್ತದ ಕೊಯ್ಲು ನಡೀತೈತಲ್ಲ, ಗದ್ದೆಗೆ ಹೋಗಿರ್ತಾರೆ. ಒಳಗಿರೋ ಮುದುಕ್ರು ಹೇಳ್ತಾರೆ ಬಿಡು, ಸಾಯಂಕಾಲಕ್ಕೆ ಎಲ್ರಿಗೂ ಗೊತ್ತಾಗ್ತತೆ."

ಸೈದಾಬೀಯ ಮನೆಯ ಮುಂದೆ ಅವರು ಗಾಡಿ ನಿಲ್ಲಿಸಿದರು. ಅಲ್ಲಿ ಪ್ರಕಟಣೆಯನ್ನು ಉಳಿದೆಡೆಗಿಂತ ನಿಧಾನವಾಗಿ, ಕಡೆಯ ದಿನವನ್ನು ಒತ್ತಿ ಹೇಳಿದರು. ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತು. ಒಳಗಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ, ಸಿಟ್ಟಿಗೆ ಬಾಗಿಲು ತೆಗೆಯುತ್ತಿಲ್ಲ ಎಂದುಕೊಂಡರು. ಸಮಾಧಾನದಿಂದಲೇ ಹಿಂತಿರುಗಿದರು. ಎಲ್ಲ ಬೀದಿಗಳಲ್ಲೂ ಪ್ರಚಾರ ಮಾಡಲಾಗಿದೆ ಎಂಬ ಪುರಸಭೆಯ ಕಾಗದಕ್ಕೆ ಯಾವಾಗಿನಂತೆ ರುಜು ಹಾಕಿದರು.

ಶನಿವಾರ ಬಂತು, ಹೋಯಿತು.

ವಿಷಯ ಹೊರಬಿದ್ದದ್ದು ಮೊಹರಂನ ಕಡೆಯ ದಿನ. ಕೋಡಿಪೇಟೆಯಲ್ಲಿ ಅಲಾವಿ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುತ್ತಾರೆ. ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಅರ್ಧ ಜನ ಲಿಂಗಾಯತರ, ಕುರುಬರ ಹುಡುಗರು. ಅಲ್ಲಿ ಕೋಟೆ ಓಣಿಯವನೊಬ್ಬ ಬೀರಲಿಂಗಪ್ಪನ ಪಕ್ಕಕ್ಕೆ ಬಂದು ನಿಂತ.

"ಏನಣ್ಣ, ಮತ್ತೆ ಆಪರೇಷನ್ ಶುರುವಾತಂತೆ?"

"ಯಾರಪ್ಪ ಹೇಳಿದ್ದು?"

"ಹೇಳೋದೇನೈತೆ? ನಿಮ್ಮ ಗಾಡೀನೇ ಬಂದಿತ್ತಲ್ಲ ಹಾಡಿಲ್ದಂಗೆ. ನಾವೆಲ್ಲ ಕಂದಕದಾಗೆ ಕುಂತಿದ್ವಿ. ನಿಮ್ಮ ಸಾಬಣ್ಣ ಅವತ್ತು ಭಾಳ ಹೊತ್ತು ಕೂಗಿದ ನೋಡು, ಸೊಳ್ಳೆ ಕಚ್ಚಿ ಕಚ್ಚಿ ಸಾಯ್ಸಿದ್ವು."

ಆತ ನಗುತ್ತಲೇ ಹೇಳಿದ್ದ. ಹಿಂದೆ ನಿಂತು ಕೇಳಿಸಿಕೊಂಡ ಖಾಜಾಸಾಬ್ ನಗಲಿಲ್ಲ. ಅಲ್ಲಿಂದ ನೇರವಾಗಿ ಮನೆಗೆ ನಡೆದರು.

ಮರುದಿನ ಪುರಸಭೆಯ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಷಣ್ಮುಖಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿ ಕೂರಿಸಿದರು.

"ಬೋರ್ಡಿಗೆ ಅಂಟಿಸಿದ ಕಾಗದಾನ ಯಾರೂ ಓದಲಿಲ್ಲ. ಒಂದು ಅರ್ಜೀನೂ ಬರಲಿಲ್ಲ. ನಾನೂ ಅನ್ಕಂಡೆ, ಯಾಕೆ ಬರಲಿಲ್ಲಪ್ಪ ಅಂತ."

"ಇನ್ನೊಂದು ವಾರ ಕೊಡ್ರಿ ಸ್ವಾಮೀ. ನಾನು ಮನೆಮನೆಗೆ ಹೋಗಿ ಹೇಳ್ತೀನಿ. ಅವ್ರಿಗೆ ಕೇಳಿಸಲೇ ಇಲ್ಲ."

"ಕೇಳಿಸಲಿಲ್ಲ ಅಂತ ಹೆಂಗೆ ಬರಿಯಾಕೆ ಬರ್ತತೆ? ಪ್ರಚಾರ ಆಗೈತೆ. ಮಾಡಿದೋನು ನೀನು. ಮಾಡೀನಿ ಅಂತ ರುಜು ಹಾಕಿದೋನೂ ನೀನೇ."

ಖಾಜಾಸಾಬ್ ಅಧ್ಯಕ್ಷರ ಮನೆಗೂ ಹೋದರು. ವರದಿ ಶಿವಮೊಗ್ಗಕ್ಕೆ ಹೋಗಿಬಿಟ್ಟಿದೆ ಎಂದು ಅಲ್ಲಿ ಹೇಳಿದರು. ನಿಮ್ಮ ತಂಗಿಯ ಒಂದು ಹೆಸರಾದರೆ ನೋಡೋಣ, ಅದೂ ಖಾತ್ರಿ ಇಲ್ಲ ಎಂದರು. ಆ ಒಂದು ಹೆಸರನ್ನು ಹಿಡಿದುಕೊಂಡು ಅವರು ಅವತ್ತು ಸಾಯಂಕಾಲ ಕೋಟೆ ಹಿಂದಿನ ಓಣಿಗೆ ನಡೆದು ಹೋದರು. ಮೈಕಿಲ್ಲದೆ ಆ ಓಣಿಗೆ ಅವರು ಕಾಲಿಟ್ಟು ಎರಡು ವರ್ಷವಾಗಿತ್ತು.

ಅಣ್ಣ ತಂಗಿ ಮನೆಯಲ್ಲಿ ಮಾತಾಡುವುದು ಉರ್ದುವಿನಲ್ಲಿ. ಅವತ್ತು ಸೈದಾಬೀ ಮುಚ್ಚಿದ ಬಾಗಿಲಿನ ಒಳಗಿನಿಂದ, ಓಣಿಗೆಲ್ಲ ಕೇಳಲಿ ಎಂದು, ಕನ್ನಡದಲ್ಲೇ ಮಾತಾಡಿದರು.

"ಯಾರದು?"

"ನಾನು."

"ನಾನು ಅಂದ್ರೆ ಯಾರು? ಮುನ್ಸಿಪಾಲ್ಟಿನಾ?"

ಖಾಜಾಸಾಬ್ ಬಾಗಿಲಿಗೆ ಮುಖವಿಟ್ಟು ನಡೆದದ್ದನ್ನು ಹೇಳಿದರು. ಹಕ್ಕುಪತ್ರ, ಶನಿವಾರ, ಬಸ್ ನಿಲ್ದಾಣ. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದವು. ಓಬವ್ವ ಕೋಲೂರಿಕೊಂಡು ಬಂದು ನಿಂತರು.

"ಹಾಡು ಯಾಕೆ ಹಾಕಲಿಲ್ಲ?" ಎಂದರು ಸೈದಾಬೀ.

"ಮೊಹರಂ ಅಲ್ವೇನಮ್ಮಾ. ಅಬ್ಬಾನ ಕಾಲದಿಂದ ನಾವು ಹಾಕಲ್ಲ. ನಿನಗೆ ಗೊತ್ತಿಲ್ವಾ?"

"ಗೊತ್ತೈತೆ. ನಾನೂ ಅದೇ ಅಬ್ಬಾನ ಮಗಳೇ. ಆದ್ರೆ ನಿನ್ನ ದನಿ ಕೇಳಿಸಿದ ಕೂಡ್ಲೇ ಮೊಹರಂ ನೆನಪಾಗಲಿಲ್ಲ, ಆ ವ್ಯಾನು ನೆನಪಾತು. ಇವರಿಗೆ ಕಂದಕಕ್ಕೆ ಇಳಿಯಾಕೆ ಆಗಲ್ಲ. ಕೈ ಹಿಡಿದು ದರದರ ಎಳಕೊಂಡು ಹೋದೆ. ನೀನು ನನ್ನ ಬಾಗ್ಲಾಗೆ ನಿಂತು ಕೂಗ್ತಿದ್ರೆ ನಾನು ಇವರ ಬಾಯಿಗೆ ಸೆರಗು ಒತ್ತಿದ್ದೆ, ಕೆಮ್ಮು ಕೇಳಿಸಬಾರದು ಅಂತ."

ಒಂದು ಹೆಸರಾದರೆ ಸೇರಿಸಬಹುದಂತೆ, ನಾಳೆ ಬೆಳಿಗ್ಗೆ ಬಾ ಎಂದು ಖಾಜಾಸಾಬ್ ದನಿ ತಗ್ಗಿಸಿ ಉರ್ದುವಿನಲ್ಲಿ ಹೇಳಿದರು. ಸೈದಾಬೀ ಅದಕ್ಕೂ ಕನ್ನಡದಲ್ಲೇ ಉತ್ತರ ಕೊಟ್ಟರು.

"ನನ್ನೊಬ್ಳಿಗೆ ಕೊಡ್ತಾರಾ? ಓಬವ್ವ, ಕೇಳಿಸ್ತೇನು? ನಮ್ಮಣ್ಣ ನಂಗೊಬ್ಳಿಗೆ ಜಾಗ ಕೊಡಿಸಾಕೆ ಬಂದಾನೆ."

ಓಬವ್ವ ಕೋಲೂರಿಕೊಂಡು ತಮ್ಮ ಹೊಸ್ತಿಲಿಗೆ ಹೊರಟರು. ಖಾಜಾಸಾಬ್ ಹಿಂತಿರುಗಿದರು. ಮರುದಿನ ಸೈದಾಬೀ ಪುರಸಭೆಗೆ ತಾವೊಬ್ಬರೇ ಹೋಗಲಿಲ್ಲ. ಓಣಿಯವರೆಲ್ಲ ಸೇರಿ ಹೋದರು. ಎರಡು ಸಲ ಹೊನ್ನಾಳಿಯ ತಾಲ್ಲೂಕು ಕಚೇರಿಗೂ ಹೋಗಿಬಂದರು. ಹೋದಲ್ಲೆಲ್ಲ ಅವರ ಮುಂದೆ ಹಿಡಿದದ್ದು ಖಾಜಾಸಾಬರ ರುಜು ಇದ್ದ ಪ್ರಚಾರದ ಕಾಗದವನ್ನು.

ಫೆಬ್ರುವರಿಯಲ್ಲಿ ಷಣ್ಮುಖಪ್ಪ ಮತ್ತೆ ಸೈಕಲ್ಲಿನಲ್ಲಿ ಬಂದರು. ಕೋಟೆ ಹಿಂದಿನ ಓಣಿಯವರು ಸೋಮವಾರದೊಳಗೆ ಜಾಗ ಬಿಡಬೇಕು. ಬಿಡದಿದ್ದರೆ ಸಾಮಾನು ಸಮೇತ ತೆರವು ಮಾಡಲಾಗುವುದು. ಈ ಸಲ ಅವರು ಕೂರಲಿಲ್ಲ.

"ಬರೇ ಬಾಯಾಗೆ ಹೇಳಿಬಿಡು ಖಾಜಾಸಾಬ್. ಹಾಡು ಬ್ಯಾಡ, ಚೆನ್ನಾಗಿ ಕಾಣಲ್ಲ."

"ಹಾಡು ಹಾಕ್ತೀನಿ ಸ್ವಾಮೀ. ಇಲ್ಲಾಂದ್ರೆ ಬೇರೆಯೋರನ್ನ ನೋಡ್ಕಳ್ರಿ."

ಜಟಕಾದಲ್ಲಿ ಪ್ಲೇಯರನ್ನು ಕಟ್ಟುವಾಗ ಬೀರಲಿಂಗಪ್ಪನೂ ಅದನ್ನೇ ಕೇಳಿದರು. "ಇದಕ್ಕೂ ಹಾಡು ಬೇಕೇನ್ರೀ ಸಾಬ್ರೇ?"

"ಬೇಕು. ಹಾಡಿಲ್ದಿದ್ರೆ ಮತ್ತೆ ಕಂದಕಕ್ಕೆ ಇಳಿತಾರೆ. ಸೋಮವಾರ ಬುಲ್ಡೋಜರ್ ಬಂದಾಗ ಗೊತ್ತಾಗ್ತತೆ. ಇದಾದ್ರೂ ಕೇಳಿಸ್ಲಿ. ಪಾತ್ರೆ ಪಡಗ ಎತ್ತಿಟ್ಕಂತಾರೆ."

ಬೀರಲಿಂಗಪ್ಪ ಲಗಾಮು ಎಳೆದರು. ಓಣಿಯ ಬಾಯಿಯಲ್ಲಿ ಜಟಕಾ ನಿಂತಿತು. ಖಾಜಾಸಾಬ್ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕ ಪ್ಲೇಟನ್ನು ಹಾಕಿದರು. ಅದೊಂದು ಕುಣಿತದ ಹಾಡು. ಟೆಂಟಿನಲ್ಲಿ ಆ ವರ್ಷ ಬಹಳ ದಿನ ಓಡಿದ ಚಿತ್ರದ್ದು. ಮಕ್ಕಳು ಕುಣಿಯುತ್ತ ಬಂದವು. ಬಾಗಿಲುಗಳು ತೆರೆದವು. ಹಿಟ್ಟು ಮೆತ್ತಿದ ಕೈಯಲ್ಲೇ ಹೆಂಗಸರು ಬಂದು ನಿಂತರು. ಅರ್ಧ ಹೆಣೆದ ಬುಟ್ಟಿ ಹಿಡಿದುಕೊಂಡು ಓಬವ್ವ ಎದ್ದರು.

"ಯಾವ ಸಿನಿಮಾನೋ ಸಾಬಣ್ಣ?"

ಖಾಜಾಸಾಬ್ ಮುಳ್ಳು ಎತ್ತಿದರು. ಮೈಕ್ ಹಿಡಿದು ಪುರಸಭೆಯ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓಣಿಯ ಉದ್ದಕ್ಕೂ, ನಿಲ್ಲಿಸಿದ ಕಡೆಯೆಲ್ಲ, ಅದನ್ನೇ ಓದಿದರು. ಯಾರೂ ಒಳಗೆ ಹೋಗಲಿಲ್ಲ, ಕೇಳಿದರು. ಸೈದಾಬೀ ತಮ್ಮ ಮನೆಯ ಮುಂದೆ ಮೊರ ಹಿಡಿದು ನಿಂತಿದ್ದರು. ಹಿಂದೆ ಅಮೀರ್‌ಜಾನ್ ಗೋಡೆಗೆ ಒರಗಿದ್ದರು. ಎರಡು ವರ್ಷದ ಮೇಲೆ ಮೊದಲ ಸಲ ತಂಗಿಯ ಮುಖ ಕಾಣುವಾಗ ಖಾಜಾಸಾಬರ ಕೈಯಲ್ಲಿದ್ದದ್ದು ಆ ಕಾಗದ.

ಓದು ಮುಗಿದ ಮೇಲೆ ಸೈದಾಬೀ ಜಟಕಾದ ಹತ್ತಿರ ಬಂದರು. ದನಿ ಏರಿಸಲಿಲ್ಲ.

"ಚೆಂದ ಓದಿದೆ ಅಣ್ಣಾ. ಒಂದಕ್ಷರ ತಪ್ಪಲಿಲ್ಲ. ಹಾಡೂ ಚೆಂದಿತ್ತು."

ಅಷ್ಟು ಹೇಳಿ ಒಳಗೆ ಹೋದರು. ಭಾನುವಾರ ಬೆಳಿಗ್ಗೆ ಸೈದಾಬೀ, ಅಮೀರ್‌ಜಾನ್ ಎರಡು ಗಂಟು ಮತ್ತು ಒಂದು ಹಂಡೆ ಹಿಡಿದು ನ್ಯಾಮತಿಯ ಬಸ್ಸು ಹತ್ತಿದರು. ಅಲ್ಲಿನ ಮಂಡಕ್ಕಿ ಭಟ್ಟಿಯವರು ಹಿತ್ತಲ ಚಪ್ಪರದಲ್ಲಿ ಇರಲು ಜಾಗ ಕೊಟ್ಟಿದ್ದರು. ಅಣ್ಣನಿಗೆ ಆಕೆ ಹೇಳಿಕಳಿಸಲಿಲ್ಲ. ಓಬವ್ವ ಎಲ್ಲಿಗೆ ಹೋದರೆಂಬುದು ಓಣಿಯ ಉಳಿದವರಿಗೂ ಖಚಿತವಾಗಿ ತಿಳಿಯದು. ಮಗಳ ಊರಿಗೆ ಎನ್ನುತ್ತಾರೆ ಕೆಲವರು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕೋಟೆಗೋಡೆ ಮತ್ತು ಕಂದಕದ ನಡುವೆ ಮಣ್ಣು ಸಮತಟ್ಟಾಗಿತ್ತು. ಬುಲ್ಡೋಜರಿನವನಿಗೆ ತಕರಾರು ಮಾಡುವವರು ಯಾರೂ ಇರಲಿಲ್ಲ. ಎಲ್ಲರಿಗೂ ಸುದ್ದಿ ಮುಟ್ಟಿತ್ತು.

ಆ ಶುಕ್ರವಾರ ಟೆಂಟಿಗೆ ಹೊಸ ಚಿತ್ರ ಬಂತು. ಜಟಕಾ ಪೇಟೆ ಬೀದಿಯ ತುದಿಯಲ್ಲಿ ನಿಂತಿತು, ಖಾಜಾಸಾಬ್ ಪ್ಲೇಟು ಹಾಕಿದರು. "ಹಾಡು ಹಾಕ್ಯಾರೆ, ಈ ಸಲ ನಮ್ಮ ಬೀದೀನೋ ಏನೋ" ಎನ್ನುತ್ತ ಒಬ್ಬಾಕೆ ಮಕ್ಕಳನ್ನು ಒಳಗೆ ಎಳೆದುಕೊಂಡಳು. ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕೆರೆ ಬೀದಿಯಲ್ಲೂ ಹಾಗೆಯೇ ಆಯಿತು. ಮುಂದಿನ ವಾರದಿಂದ ಟೆಂಟಿನ ಮಾಲೀಕರು ಹೊನ್ನಾಳಿಯಿಂದ ಬೇರೊಬ್ಬ ಮೈಕಿನವನನ್ನು ಕರೆಸಿಕೊಂಡರು.